ಮಾವ ಐದು ಗಂಟೆ ಮಲಗಿ ದಪ್ಪ, ಅತ್ತೆ ಹತ್ತು ಗಂಟೆ ಮಲಗಿ ಸಣ್ಣ. ಇದು ಎಂತ ಲೆಕ್ಕ?

ಪೆರ್ಲದ ಸೊಸೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿ ಹೋಗುತ್ತಿದ್ದೆ. ಇವತ್ತು ಬರೆಯದೆ ಆಗಲಿಲ್ಲ.

ಮನೆಯಲ್ಲಿ ಮಾವನಿಗೆ 73 ವರ್ಷ, ಅತ್ತೆಗೆ 67. ಮಾವ ಮಲಗುವಾಗ ರಾತ್ರಿ ಹನ್ನೆರಡೂವರೆ. ಮೊಬೈಲಿನಲ್ಲಿ ಯಕ್ಷಗಾನ ನೋಡುತ್ತಾ ಕೂರುತ್ತಾರೆ. ಬೆಳಿಗ್ಗೆ ಐದೂವರೆಗೆ ಹಟ್ಟಿಯಲ್ಲಿ ಅವರ ದನಿ ಕೇಳುತ್ತದೆ. ಐದು ಗಂಟೆ ನಿದ್ದೆ ಅಷ್ಟೇ. ಎರಡು ವರ್ಷದ ಹಿಂದೆ 71 ಕಿಲೋ ಇದ್ದರು, ಈಗ 78. ತೂಕ ನೋಡಿದ್ದು ಅಡಿಕೆ ಕೊಡುವ ಅಂಗಡಿಯ ತಕ್ಕಡಿಯಲ್ಲಿ. ಎರಡು ಸಲವೂ ಅದೇ ತಕ್ಕಡಿ.

ಅತ್ತೆಯದ್ದು ಉಲ್ಟಾ. ಎಂಟೂವರೆಗೆ ಮಲಗಿದರೆ ಏಳುವುದು ಆರೂವರೆಗೆ. ಮಧ್ಯಾಹ್ನ ಊಟ ಆದ ಮೇಲೂ ಒಂದು ಗಂಟೆ ಬೇಕು. ಆದರೆ ಏಳು ತಿಂಗಳಲ್ಲಿ 49ರಿಂದ 44ಕ್ಕೆ ಇಳಿದಿದ್ದಾರೆ. ದೋಸೆ ಹೊಯ್ಯುವಾಗ ಬಳೆ ಮೊಣಕೈವರೆಗೆ ಜಾರುತ್ತದೆ.

ನಿದ್ದೆ ಕಡಿಮೆಯಾದರೆ ದಪ್ಪ ಆಗುತ್ತಾರೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಹಾಗಾದರೆ ಜಾಸ್ತಿ ಮಲಗಿದರೆ ಸಣ್ಣ ಆಗುತ್ತಾರಾ? ಇಬ್ಬರದ್ದೂ ಒಂದೇ ಅಡಿಗೆ. ಅದೇ ಕುಚ್ಚಲಕ್ಕಿ ಅನ್ನ, ಅದೇ ಸಾಂಬಾರು.

ನಿವೃತ್ತ ಮಾಸ್ಟ್ರು, ನೀರ್ಚಾಲು

ನನಗೆ 74. ನಾಲ್ಕೂವರೆ ಗಂಟೆ ನಿದ್ದೆ. ತೂಕ 56, ಮೂವತ್ತು ವರ್ಷದಿಂದ ಅದೇ. ಹಾಗಾಗಿ ವಾಟ್ಸಾಪಿನ ಮಾತು ನಂಬುವುದಿಲ್ಲ. ನಮ್ಮ ಅಜ್ಜಿ ಕೋಳಿ ಕೂಗುವ ಮೊದಲು ಏಳುತ್ತಿದ್ದಳು, ರಾತ್ರಿ ಎಲ್ಲರ ನಂತರ ಮಲಗುತ್ತಿದ್ದಳು. ಕೊತ್ತಳಿಂಗೆಯ ಹಾಗೆ ಸಪುರ ಇದ್ದಳು, 90 ದಾಟಿ ಬದುಕಿದಳು. ಯಕ್ಷಗಾನವನ್ನು ದೂರಬೇಡಿ ಅಂತ ಒಂದು ವಿನಂತಿ.

ತೋಟದವ, ಮುಳ್ಳೇರಿಯ

ಮಾಸ್ಟ್ರೇ, ನಿಮ್ಮ ಅಜ್ಜಿ ಗುಡ್ಡೆ ಕೊರೆದ ಸುರಂಗದ ನೀರು ಕೊಡದಲ್ಲಿ ಹೊತ್ತು ತಂದು, ಒರಳಲ್ಲಿ ಅರೆದು, ಗುಡ್ಡೆಯಿಂದ ಸೊಪ್ಪು ಹೊತ್ತು ತಂದದ್ದನ್ನೂ ಲೆಕ್ಕ ಹಿಡಿಯಿರಿ. ಈಗ ಯಾರು ಮಾಡುತ್ತಾರೆ?

ಅಕ್ಕ, ನಿಮ್ಮ ಮಾವ ಎರಡು ವರ್ಷದ ಹಿಂದೆ ತೋಟದ ಕೆಲಸ ಬಿಟ್ಟರಾ? ನನ್ನ ಅಪ್ಪನದ್ದು ಹಾಗೇ ಆಯಿತು. ಮೊದಲು ಸ್ಪ್ರಿಂಕ್ಲರ್ ಜೆಟ್ ಬದಲಿಸಲು ದಿನಕ್ಕೆ ನಾಲ್ಕು ಸಲ ಗುಡ್ಡೆ ಹತ್ತಿ ಇಳಿಯುತ್ತಿದ್ದರು. ಆಮೇಲೆ ನಾವು ಗೇಟ್‌ವಾಲ್ವ್ ಎಲ್ಲ ಮನೆ ಹತ್ತಿರ ತಂದೆವು. ಅಡಿಕೆ ಕೊಯ್ಯಲು ಉದ್ದದ ಫೈಬರ್ ದೋಟಿ ತಂದೆವು. ಅಪ್ಪ ಜಗಲಿಯಲ್ಲಿ ಕೂತರು. ಆರು ತಿಂಗಳಲ್ಲಿ ಹೊಟ್ಟೆ ಬಂತು.

ಪೆರ್ಲದ ಸೊಸೆ

ಹೌದು ಅಣ್ಣ, ಸರಿಯಾಗಿ ಹೇಳಿದಿರಿ. ಮೊಣಕಾಲು ನೋವು ಅಂತ ತೋಟಕ್ಕೆ ಇಳಿಯುವುದು ಬಿಟ್ಟು ಎರಡು ವರ್ಷವೇ ಆಯಿತು.

ಕುಂಬಳೆಯ ನರ್ಸ್

ನಾನು ಹದಿನಾಲ್ಕು ವರ್ಷ ಗಲ್ಫಿನಲ್ಲಿ ರಾತ್ರಿ ಪಾಳಿ ಮಾಡಿ ಬಂದವಳು. ನಿದ್ದೆಗೆಟ್ಟರೆ ಬಾಯಿಗೆ ಏನು ಬೇಕಾಗುತ್ತದೆ ಅಂತ ನನ್ನನ್ನು ಕೇಳಿ. ಬೆಳಗಿನ ಜಾವ ಮೂರು ಗಂಟೆಗೆ ಯಾರಿಗೂ ಸೌತೆಕಾಯಿ ತಿನ್ನಬೇಕು ಅನಿಸುವುದಿಲ್ಲ. ಬಿಸ್ಕಿಟ್, ಬಜ್ಜಿ, ಸಕ್ಕರೆ ಹಾಕಿದ ಚಹಾ, ಇವೇ.

ಎರಡು ಪ್ರಶ್ನೆ. ಮಾವ ಯಕ್ಷಗಾನ ನೋಡುವಾಗ ಕೈಗೆ ಸಿಗುವ ಹಾಗೆ ಎಂತ ಇಟ್ಟುಕೊಳ್ಳುತ್ತಾರೆ? ಅತ್ತೆ ಹಾಸಿಗೆಯಲ್ಲಿ ಹತ್ತು ಗಂಟೆ ಇರುತ್ತಾರೋ, ಹತ್ತು ಗಂಟೆ ನಿದ್ದೆಯನ್ನೇ ಮಾಡುತ್ತಾರೋ? ಎರಡೂ ಬೇರೆ ಬೇರೆ. ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆ ಅಂತ ಮೆಲ್ಲ ಕೇಳಿ. ನಮ್ಮ ಕಡೆಯ ಹೆಂಗಸರು ತಾವಾಗಿ ಹೇಳುವುದಿಲ್ಲ.

ಜತ್ತದ ಹುಡುಗ

ನಾವು ಮಹಾರಾಷ್ಟ್ರದ ಕಡೆಯ ಕನ್ನಡದವರು. ನಮ್ಮಪ್ಪನಿಗೆ 69. ನಮ್ಮಲ್ಲಿ ಹೊಲಕ್ಕೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಪಾಳಿ ಇದ್ದಾಗ ಎರಡು ಗಂಟೆಗೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋಗುತ್ತಾನೆ. ನಿದ್ದೆ ತುಂಡು ತುಂಡು. ಆದರೂ ಎಲುಬಿನ ಹಂದರ, ಮೈಮೇಲೆ ಮಾಂಸ ಇಲ್ಲ. ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಮುಗಿಯಿತು. ನಿದ್ದೆ ಕಡಿಮೆ ಆದವರೆಲ್ಲ ದಪ್ಪ ಆಗುವುದಾದರೆ ನಮ್ಮೂರಲ್ಲಿ ಒಬ್ಬನೂ ಸಣಕಲ ಇರಬಾರದಿತ್ತು.

ಗಡಿ ಡಾಕ್ಟರ್, ಮಂಜೇಶ್ವರ

ಸ್ವಲ್ಪ ಉದ್ದ ಬರೆಯುತ್ತೇನೆ. ಇವತ್ತು ಭಾನುವಾರ.

ಈ ವಿಷಯದಲ್ಲಿ ವಯಸ್ಸಾದವರನ್ನೇ ಹಿಡಿದು ಮಾಡಿದ ಒಂದು ದೊಡ್ಡ ಅಧ್ಯಯನ ಅಮೆರಿಕದ್ದು, 2008ರಲ್ಲಿ ಪ್ರಕಟವಾಯಿತು. 67ರಿಂದ 96 ವರ್ಷದ ಸುಮಾರು 3,000 ಗಂಡಸರು, 70ರಿಂದ 99 ವರ್ಷದ ಅಷ್ಟೇ ಹೆಂಗಸರು. ಎಷ್ಟು ಹೊತ್ತು ಮಲಗುತ್ತೀರಿ ಅಂತ ಬಾಯಲ್ಲಿ ಕೇಳಿ ಬರೆದುಕೊಂಡದ್ದಲ್ಲ, ಕೈಗೆ ವಾಚಿನಂಥ ಯಂತ್ರ ಕಟ್ಟಿ ಅಳೆದರು. 7–8 ಗಂಟೆ ಮಲಗುವವರಿಗೆ ಹೋಲಿಸಿದರೆ, 5 ಗಂಟೆಗಿಂತ ಕಡಿಮೆ ಮಲಗುವವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಗಂಡಸರಲ್ಲಿ 2.5, ಹೆಂಗಸರಲ್ಲಿ 1.8 ಜಾಸ್ತಿ ಇತ್ತು. ಕೊಬ್ಬು ಹೊಟ್ಟೆಯ ಸುತ್ತ ಸೇರುವುದೂ ಅವರಲ್ಲೇ ಜಾಸ್ತಿ.

ಪೆರ್ಲದ ಮಾವ 165 ಸೆಂಟಿಮೀಟರ್ ಎತ್ತರ ಇದ್ದಾರೆ ಅಂತ ಹಿಡಿದರೆ, 2.5 ಬಿಎಂಐ ಅಂದರೆ ಹತ್ತಿರ ಹತ್ತಿರ 7 ಕಿಲೋ. ಅವರು ಏರಿದ್ದೂ 7 ಕಿಲೋ! ಸಿಕ್ಕಿಬಿಟ್ಟ ಅಂತ ಖುಷಿ ಪಡಬೇಡಿ. ಇದು ಕಾಕತಾಳೀಯ. ಆ ಅಧ್ಯಯನದಲ್ಲಿ ತೂಕವನ್ನೂ ನಿದ್ದೆಯನ್ನೂ ಒಟ್ಟಿಗೇ ನೋಡಿದ್ದು. ನಿದ್ದೆ ಕಡಿಮೆಯಾಗಿ ದಪ್ಪ ಆದರೋ, ದಪ್ಪ ಆಗಿ ನಿದ್ದೆ ಕೆಟ್ಟಿತೋ, ಅದರಿಂದ ಹೇಳಲು ಆಗುವುದಿಲ್ಲ. ದಪ್ಪ ಆದರೆ ಮೊಣಕಾಲು ನೋಯುತ್ತದೆ, ಉಸಿರು ಕಟ್ಟುತ್ತದೆ, ಎದೆ ಉರಿಯುತ್ತದೆ. ಇವೆಲ್ಲ ನಿದ್ದೆ ಕೆಡಿಸುವವೇ. ಜತ್ತದವರ ಅಪ್ಪನೂ ನೀರ್ಚಾಲಿನ ಮಾಸ್ಟ್ರೂ ಸುಳ್ಳು ಹೇಳುತ್ತಿಲ್ಲ. ಸಾವಿರಾರು ಜನರ ಸರಾಸರಿ ಒಬ್ಬ ಮನುಷ್ಯನ ಜಾತಕ ಅಲ್ಲ.

ನರ್ಸ್ ಹೇಳಿದ ಹಸಿವಿನ ಮಾತಿಗೆ ಆಧಾರ ಉಂಟು. 2004ರಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ 4 ಗಂಟೆ ಮಾತ್ರ ಮಲಗಿಸಿದರು, ಇನ್ನೊಮ್ಮೆ 10 ಗಂಟೆ. ಕಡಿಮೆ ಮಲಗಿದಾಗ ಹೊಟ್ಟೆ ತುಂಬಿತು ಅಂತ ಹೇಳುವ ಲೆಪ್ಟಿನ್ ಶೇ. 18 ಇಳಿಯಿತು, ಹಸಿವು ಹುಟ್ಟಿಸುವ ಘ್ರೆಲಿನ್ ಶೇ. 28 ಏರಿತು. 2022ರಲ್ಲಿ ಇನ್ನೊಂದು ಪ್ರಯೋಗ: ತೂಕ ಜಾಸ್ತಿ ಇದ್ದ, ಕಡಿಮೆ ಮಲಗುತ್ತಿದ್ದ 80 ಮಂದಿ. ಅವರಲ್ಲಿ ಅರ್ಧ ಜನರಿಗೆ ದಿನಕ್ಕೆ ಸುಮಾರು ಒಂದೂಕಾಲು ಗಂಟೆ ಜಾಸ್ತಿ ಮಲಗುವ ಹಾಗೆ ಮಾಡಿದರು. ಡಯಟ್ ಗಿಯಟ್ ಏನೂ ಹೇಳಲಿಲ್ಲ. ತಾವಾಗಿಯೇ ದಿನಕ್ಕೆ 270 ಕ್ಯಾಲರಿ ಕಡಿಮೆ ತಿಂದರು. ನಮ್ಮ ಲೆಕ್ಕದಲ್ಲಿ ಎರಡು ಹಿಡಿ ನೇಂದ್ರ ಚಿಪ್ಸ್.

ಆದರೆ ಅವರೆಲ್ಲ 21ರಿಂದ 40 ವರ್ಷದವರು. 73ರವರ ಮೇಲೆ ಅದೇ ಅಳತೆಯನ್ನು ಹೇರಬಾರದು.

ಅತ್ತೆಯ ವಿಷಯ ಅವಸರದ್ದು. ಬಯಸದೆ, ಪಥ್ಯ ಮಾಡದೆ, 49ರಲ್ಲಿ 5 ಕಿಲೋ ಹೋಗಿದೆ ಅಂದರೆ ಶೇ. 10. ವಯಸ್ಸಾದವರಲ್ಲಿ ಆರು ತಿಂಗಳಿಂದ ಒಂದು ವರ್ಷದೊಳಗೆ ಶೇ. 5 ಇಳಿದರೇ ನಾವು ಕಾರಣ ಹುಡುಕುತ್ತೇವೆ. ಸಕ್ಕರೆ, ಥೈರಾಯ್ಡ್, ರಕ್ತ, ಕಫ, ಹಲ್ಲು, ಮನಸ್ಸು, ಎಲ್ಲ ನೋಡಬೇಕು. ಜಾಸ್ತಿ ಮಲಗಿದ್ದಕ್ಕೆ ಸಣ್ಣ ಆದದ್ದಲ್ಲ. ಒಳಗೆ ಏನೋ ಇದ್ದದ್ದಕ್ಕೇ ಮಲಗುವುದೂ ಜಾಸ್ತಿಯಾಗಿ, ಸಣ್ಣವೂ ಆಗಿರಬಹುದು. ಈ ವಾರವೇ ಕರೆದುಕೊಂಡು ಹೋಗಿ.

ಪೆರ್ಲದ ಸೊಸೆ

ಡಾಕ್ಟ್ರೇ, ಓದಿ ಕೈ ತಣ್ಣಗಾಯಿತು. ಮೂರು ತಿಂಗಳ ಹಿಂದೆ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆವು. ಬಿಪಿ ನೋಡಿ, ವಯಸ್ಸಾಯಿತಲ್ಲ ಅಂತ ಹೇಳಿ ಶಕ್ತಿಯ ಮಾತ್ರೆ ಕೊಟ್ಟರು. ರಕ್ತ ತೆಗೆಯಲೇ ಇಲ್ಲ. ನಾವೂ ಕೇಳಲಿಲ್ಲ.

ನರ್ಸ್ ಅಕ್ಕ, ನೀವು ಹೇಳಿದ ಹಾಗೆ ಕೇಳಿದೆ. ರಾತ್ರಿ ಐದು ಸಲ ಏಳುತ್ತಾರಂತೆ! ಇಷ್ಟು ದಿನ ಒಂದು ಮಾತು ಹೇಳಲಿಲ್ಲ.

ಮಾವನ ಹತ್ತಿರ ಹಲಸಿನ ಹಪ್ಪಳದ ಡಬ್ಬಿ, ತೆಂಗಿನಕಾಯಿ ಚೂರು, ಕೆಲವು ದಿನ ಬೇಕರಿಯ ಮಿಕ್ಸ್‌ಚರ್. ಡಬ್ಬಿ ನಾನೇ ತುಂಬಿಸಿ ಇಡುವುದು.

ಇನ್ನೊಂದು. ಅತ್ತೆ ಹೇಳಿದರು, "ಅವರ ಗೊರಕೆಗೆ ನನಗೆ ಎಚ್ಚರ ಆಗುವುದಿಲ್ಲ, ಗೊರಕೆ ನಿಂತರೆ ಎಚ್ಚರ ಆಗುತ್ತದೆ" ಅಂತ. ಎಂತ ಅತ್ತೆ ಹಾಗೆ ಅಂದರೆ, ಮಾವನ ಗೊರಕೆ ನಡುವೆ ಥಟ್ಟನೆ ನಿಲ್ಲುತ್ತದಂತೆ. ಅತ್ತೆ ಕತ್ತಲೆಯಲ್ಲಿ ಒಂದು, ಎರಡು ಅಂತ ಎಣಿಸುತ್ತಾರಂತೆ. ಇಪ್ಪತ್ತು, ಇಪ್ಪತ್ತೈದಕ್ಕೆ ಬಂದಾಗ ಮಾವ "ಘಕ್" ಅಂತ ಉಸಿರೆಳೆದು ಮಗ್ಗುಲು ಬದಲಿಸುತ್ತಾರೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಗಂಡಸರ ಗೊರಕೆಯಲ್ಲಿ ಹೇಳಲಿಕ್ಕೆ ಎಂತ ಉಂಟು ಅಂತ.

ಗಡಿ ಡಾಕ್ಟರ್, ಮಂಜೇಶ್ವರ

ಕತ್ತಲೆಯಲ್ಲಿ ಎಣಿಸುವ ಹೆಂಡತಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ನಾನು ಸುಮ್ನೆ ಹೇಳುತ್ತಿಲ್ಲ. ಇದು ಸ್ಲೀಪ್ ಆಪ್ನಿಯ ಇರಬಹುದು. ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೆದುಳು ಹೆದರಿ ಎಬ್ಬಿಸುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಹಾಗಿದ್ದರೆ ಅವರ ಐದು ಗಂಟೆಯೂ ಐದು ಗಂಟೆ ಅಲ್ಲ.

ಮಾವನಿಗೆ ಹಗಲು ಕೂತಲ್ಲೇ ತೂಕಡಿಕೆ ಉಂಟಾ? ಬೆಳಿಗ್ಗೆ ಬಾಯಿ ಒಣಗುವುದು, ತಲೆ ಭಾರ? ಬಿಪಿ ಮಾತ್ರೆ ಎಷ್ಟು?

ಪೆರ್ಲದ ಸೊಸೆ

ಪೇಪರ್ ಹಿಡಿದು ಕೂತರೆ ಎರಡನೇ ಪುಟಕ್ಕೆ ಬರುವ ಮೊದಲು ತೂಕಡಿಕೆ. ಬಿಪಿಗೆ ಮೂರು ಮಾತ್ರೆ.

ನಿವೃತ್ತ ಮಾಸ್ಟ್ರು, ನೀರ್ಚಾಲು

ಪೇಪರ್ ಹಿಡಿದು ನಾನೂ ತೂಕಡಿಸುತ್ತೇನೆ. ಅದು ಪೇಪರಿನ ದೋಷ.

ಉಪ್ಪಳ ಬಸ್‌ಸ್ಟ್ಯಾಂಡ್

ನಿದ್ದೆ ಬರುವುದಿಲ್ಲ ಅಂದರೆ ಒಂದು ನಿದ್ದೆ ಮಾತ್ರೆ ತೆಗೆದುಕೊಂಡರಾಯಿತು, ಇಷ್ಟೆಲ್ಲ ಚರ್ಚೆ ಯಾಕೆ? ನಮ್ಮ ದೊಡ್ಡಪ್ಪ ದಿನಾ ಅರ್ಧ ತೆಗೆದುಕೊಳ್ಳುತ್ತಾರೆ.

ಕುಂಬಳೆಯ ನರ್ಸ್

ಅಯ್ಯೋ, ಬೇಡ ಮಾರಾಯ್ರೆ. ಉಸಿರು ಕಟ್ಟುವವರಿಗೆ ನಿದ್ದೆ ಮಾತ್ರೆ ಕೆಲವು ಸಲ ಇನ್ನೂ ಅಪಾಯ. ರಾತ್ರಿ ಒಂದು ಪೆಗ್ಗು ಹಾಕಿದರೆ ಒಳ್ಳೆಯ ನಿದ್ದೆ ಅನ್ನುವವರಿಗೂ ಇದೇ ಮಾತು. ಗಂಟಲು ಇನ್ನಷ್ಟು ಸಡಿಲ ಆಗುತ್ತದೆ. ಇನ್ನು ವಯಸ್ಸಾದವರು ಆ ಮಾತ್ರೆಯ ಮಂಪರಿನಲ್ಲಿ ಬಚ್ಚಲಿಗೆ ಎದ್ದು ಬೀಳುತ್ತಾರೆ. ನಾನು ವಾರ್ಡಿನಲ್ಲಿ ನೋಡಿದ ಸೊಂಟದ ಮೂಳೆ ಮುರಿತಗಳಲ್ಲಿ ಎಷ್ಟೋ ರಾತ್ರಿ ಮೂರು ಗಂಟೆಯವು. ದೊಡ್ಡಪ್ಪನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದೂ ತೊಂದರೆ. ಕೊಟ್ಟ ಡಾಕ್ಟರನ್ನೇ ಕೇಳಿ.

ತೋಟದವ, ಮುಳ್ಳೇರಿಯ

ನನ್ನದೊಂದು ಪ್ರಶ್ನೆ. ಅಪ್ಪ ಈಗ ರಾತ್ರಿ ಊಟ ಬಿಟ್ಟಿದ್ದಾರೆ. ಎರಡು ತಿಂಗಳಲ್ಲಿ 4 ಕಿಲೋ ಇಳಿದಿದ್ದಾರೆ. ನಿದ್ದೆ ಮಾತ್ರ ಐದು, ಐದೂವರೆ ಗಂಟೆ. ತೂಕ ಇಳಿಯಿತಲ್ಲ, ಹಾಗಾದರೆ ನಿದ್ದೆಯ ಚಿಂತೆ ಬೇಡ ಅಲ್ವಾ?

ಗಡಿ ಡಾಕ್ಟರ್, ಮಂಜೇಶ್ವರ

ಇಳಿದದ್ದು ಎಂತ ಅಂತ ತಕ್ಕಡಿ ಹೇಳುವುದಿಲ್ಲ ತೋಟದವರೇ. ಸಿಪ್ಪೆ ಗೋಟಡಿಕೆಯನ್ನು ಸುಲಿಯದೆ ಚೀಲ ಸಮೇತ ತೂಗಿದ ಹಾಗೆ.

2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಹತ್ತೇ ಜನ, ಮಧ್ಯವಯಸ್ಸಿನವರು, ತೂಕ ಜಾಸ್ತಿ ಇದ್ದವರು. ಅವರಿಗೆ ಅಳೆದ ಊಟ ಕೊಟ್ಟು 14 ದಿನ ರಾತ್ರಿಗೆ 8.5 ಗಂಟೆ ಹಾಸಿಗೆ, ಇನ್ನೊಮ್ಮೆ 14 ದಿನ 5.5 ಗಂಟೆ. ಎರಡು ಸಲವೂ ತೂಕ ಇಳಿದದ್ದು ಒಂದೇ, ಸುಮಾರು 3 ಕಿಲೋ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕಿಲೋ ಕೊಬ್ಬು ಹೋಗಿತ್ತು. ಕಡಿಮೆ ಮಲಗಿದಾಗ ಕೊಬ್ಬು ಹೋದದ್ದು 0.6 ಕಿಲೋ ಮಾತ್ರ. ಉಳಿದದ್ದು ಹೆಚ್ಚಾಗಿ ಮಾಂಸಖಂಡದ ಕಡೆಯದ್ದು.

ಹತ್ತು ಜನರ ಮಾತು ಅಂತ ಸ್ವಲ್ಪ ಎಚ್ಚರದಿಂದಲೇ ತೆಗೆದುಕೊಳ್ಳಿ. ಆದರೆ ವಯಸ್ಸಾದವರ ವಿಷಯದಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಇದೇ. ಅವರ ಮೈಯಲ್ಲಿ ಮಾಂಸಖಂಡ ಹೇಗೂ ವರ್ಷ ವರ್ಷ ಕರಗುತ್ತಿರುತ್ತದೆ. ಊಟ ಬಿಟ್ಟು, ನಿದ್ದೆಗೆಟ್ಟು, ತೂಕ ಇಳಿಸಿದರೆ ಹೊಟ್ಟೆ ಹಾಗೇ ಉಳಿದು ಕಾಲು ಸಣ್ಣ ಆಗುತ್ತದೆ. ನಾಳೆ ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ. ಅಪ್ಪನ ಪಂಚೆಯ ಗಂಟು ಎಲ್ಲಿ ಬರುತ್ತದೆ, ಕೈ ಊರದೆ ಏಳುತ್ತಾರಾ, ಇವೆರಡು ನೋಡಿ. ತಕ್ಕಡಿಗಿಂತ ಅದು ಜಾಸ್ತಿ ಹೇಳುತ್ತದೆ. ಸೊಂಟದ ಸುತ್ತಳತೆ ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಬಿಎಂಐ 23 ದಾಟಿದರೆ ನಮಗೆ ಜಾಸ್ತಿಯೇ. ಆದರೆ ವಯಸ್ಸಾದಾಗ ಬೆನ್ನು ಬಾಗಿ ಎತ್ತರ ಕುಗ್ಗುತ್ತದೆ. ತೂಕ ಏರದಿದ್ದರೂ ಬಿಎಂಐ ಏರಿದ ಹಾಗೆ ಕಾಣುತ್ತದೆ. ಅದನ್ನೇ ಹಿಡಿದು ಹೆದರಿಸಬೇಡಿ.

ರಾತ್ರಿ ಊಟ ಬಿಡುವ ಬದಲು ಏಳೂವರೆಯ ಒಳಗೆ ಸ್ವಲ್ಪ ಉಣ್ಣಲಿ. ಅನ್ನ ಒಂದು ಸೌಟು ಕಡಿಮೆ, ಹೆಸರುಕಾಳು ಒಂದು ಸೌಟು ಜಾಸ್ತಿ. ಕಿಡ್ನಿ ತೊಂದರೆ ಇಲ್ಲದ ಹಿರಿಯರಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಗಂಜಿ, ಉಪ್ಪಿನಕಾಯಿಯಲ್ಲಿ ಅದು ಬರುವುದಿಲ್ಲ.

ಜತ್ತದ ಹುಡುಗ

ಹಾಗಾದರೆ ನಮ್ಮಪ್ಪನ ಶೇಂಗಾ ಹಿಂಡಿ ಚಲೋ ಅಲ್ವಾ ಡಾಕ್ಟ್ರೇ?

ಗಡಿ ಡಾಕ್ಟರ್, ಮಂಜೇಶ್ವರ

ಚಲೋ. ಎರಡು ರೊಟ್ಟಿ ಮೂರಾಗಲಿ, ಜೊತೆಗೆ ಒಂದು ಲೋಟ ಮಜ್ಜಿಗೆ. ಹಗಲು ನಿದ್ದೆಯನ್ನೂ ಲೆಕ್ಕಕ್ಕೆ ಸೇರಿಸಿ. 65 ದಾಟಿದವರಿಗೆ 7–8 ಗಂಟೆ ಅಂತ 2015ರಲ್ಲಿ ಅಮೆರಿಕದ ನಿದ್ದೆಯ ತಜ್ಞರ ಮಂಡಳಿ ಹೇಳಿತು. 5–6 ಗಂಟೆಯೂ ಕೆಲವರಿಗೆ ನಡೆಯುತ್ತದೆ ಅಂತಲೂ ಅದರಲ್ಲೇ ಉಂಟು. ಮಾಸ್ಟ್ರು ಇದನ್ನು ಓದಿ ಕುಣಿಯಬಾರದು, ಅವರದ್ದು ನಾಲ್ಕೂವರೆ.

ನಿವೃತ್ತ ಮಾಸ್ಟ್ರು, ನೀರ್ಚಾಲು

ಯಕ್ಷಗಾನ ಮೇಳದ ತಿರುಗಾಟ ಶುರುವಾಗಿದೆ. ಮೇ ಕೊನೆಗೆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ನನ್ನ ನಿದ್ದೆಯ ಲೆಕ್ಕ ಯಾರೂ ಕೇಳಬೇಡಿ. ಈಗೆಲ್ಲ ಕಾಲಮಿತಿ ಅಂತ ನಡುರಾತ್ರಿಗೇ ಮಂಗಳ ಹಾಡುತ್ತಾರೆ. ನಿಮ್ಮ ಹಾಗಿನ ಡಾಕ್ಟರುಗಳದ್ದೇ ಕಿತಾಪತಿ ಇರಬೇಕು.

ಪೆರ್ಲದ ಸೊಸೆ (ಮೂರು ವಾರದ ನಂತರ)

ಕೊಯ್ಲಿನ ಗಡಿಬಿಡಿಯಲ್ಲಿ ಈ ಕಡೆ ಬರಲಾಗಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯಲ್ಲಿ 246. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ. 10.4. ಡಾಕ್ಟರ್ ಹೇಳಿದರು, ತಿಂದ ಸಕ್ಕರೆ ಮೈಗೆ ಹತ್ತದೆ ಮೂತ್ರದಲ್ಲಿ ಹೋಗುತ್ತಿತ್ತು, ಅದಕ್ಕೇ ಐದು ಸಲ ಏಳುವುದು, ಅದಕ್ಕೇ ಸಣ್ಣ ಆದದ್ದು ಅಂತ. ನಾವು ಹತ್ತು ಗಂಟೆ ನಿದ್ದೆ ಅಂದುಕೊಂಡದ್ದು ಹತ್ತು ಗಂಟೆ ಹಾಸಿಗೆ ಅಷ್ಟೇ. ಎದ್ದು, ಬಂದು, ಗೊರಕೆ ನಿಂತಿತಾ ಅಂತ ಕಿವಿ ಕೊಟ್ಟು ಮಲಗುವುದು. ಹಗಲು ಮಲಗದೆ ಎಂತ ಮಾಡುತ್ತಾರೆ ಪಾಪ.

ಮಾವನನ್ನು ಒಪ್ಪಿಸಲು ಹತ್ತು ದಿನ ಹಿಡಿಯಿತು. ಯಂತ್ರ ಮನೆಗೇ ಕೊಟ್ಟರು. ಮೂಗಿಗೆ ಸಣ್ಣ ನಳಿಗೆ, ಬೆರಳಿಗೆ ಕ್ಲಿಪ್, ಎದೆಗೆ ಬೆಲ್ಟ್. ಒಂದು ರಾತ್ರಿ. ಗಂಟೆಗೆ 38 ಸಲ ಉಸಿರು ತಡೆಯುತ್ತದಂತೆ. 30 ದಾಟಿದರೆ ಜೋರಿನದ್ದು ಅಂದರು. ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ಇಡುವ ಮಾಸ್ಕ್ ಹಾಕಿ ಮಲಗಬೇಕು, ಸಿಪ್ಯಾಪ್ ಅಂತ.

ಡಾಕ್ಟ್ರೇ, ಮಾಸ್ಕ್ ಹಾಕಿದರೆ ತೂಕ ಇಳಿಯುತ್ತದಾ?

ಗಡಿ ಡಾಕ್ಟರ್, ಮಂಜೇಶ್ವರ

ಇದೇ ತಮಾಷೆ. ಇಳಿಯುವುದಿಲ್ಲ. ಮಾಸ್ಕ್ ಹಾಕಿದವರ ತೂಕ ಸ್ವಲ್ಪ ಏರುವುದೇ ಜಾಸ್ತಿ ಕಂಡಿದೆ. ರಾತ್ರಿಯಿಡೀ ಉಸಿರಿಗೆ ಗುದ್ದಾಡುವ ಕೆಲಸ ತಪ್ಪಿತಲ್ಲ! ಹಗಲು ಎಚ್ಚರ ಇರುತ್ತದೆ, ಬಿಪಿ ಸ್ವಲ್ಪ ಹತೋಟಿಗೆ ಬರಬಹುದು, ನಡೆಯಲು ಮನಸ್ಸಾಗುತ್ತದೆ. ತೂಕ ಇಳಿಸುವುದು ಬೇರೆಯೇ ಕೆಲಸ. ಅದನ್ನು ಮಾಡಿದರೆ ಉಸಿರಿಗೂ ಲಾಭ. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ದೀರ್ಘ ಅಧ್ಯಯನದಲ್ಲಿ ತೂಕ ಶೇ. 10 ಇಳಿದರೆ ಈ ಉಸಿರು ತಡೆ ಸುಮಾರು ಶೇ. 26 ಇಳಿಯುತ್ತದೆ ಅಂತ ಕಂಡಿತು. ಶೇ. 10 ಏರಿದರೆ ಶೇ. 32 ಏರುತ್ತದೆ.

ಹಪ್ಪಳದ ಡಬ್ಬಿ ಎಲ್ಲಿಟ್ಟಿದ್ದೀರಿ?

ಪೆರ್ಲದ ಸೊಸೆ

ಅಟ್ಟದಲ್ಲಿ. ಏಣಿ ನನ್ನ ಕೋಣೆಯಲ್ಲಿ.

ಪೆರ್ಲದ ಸೊಸೆ (ಜನವರಿ)

ಕೇಳಿದವರಿಗೆಲ್ಲ ಒಂದೇ ಸಲ ಹೇಳುತ್ತೇನೆ. ಅತ್ತೆ 46 ಆಗಿದ್ದಾರೆ. ರಾತ್ರಿ ಒಂದೇ ಸಲ ಏಳುವುದು. ಮಧ್ಯಾಹ್ನ ಮಲಗುವುದು ಬಿಟ್ಟು ಅಡಿಕೆ ಸುಲಿಯುವವರ ಜೊತೆ ಪಟ್ಟಾಂಗಕ್ಕೆ ಕೂರುತ್ತಾರೆ.

ಮಾವನ ತೂಕ 77. ಒಂದೇ ಕಿಲೋ. ಆದರೆ ಸಂಜೆ ತೋಟದ ಕೆರೆಯವರೆಗೆ ಹೋಗಿ ಬರುತ್ತಾರೆ. ಮಾಸ್ಕ್ ಹಾಕಿದ ಮೊದಲ ದಿನ ಮಗ ಅಜ್ಜನನ್ನು ನೋಡಿ ಯಕ್ಷಗಾನದ ರಾಕ್ಷಸನ ಬಣ್ಣದ ವೇಷ ಬಂತು ಅಂತ ಓಡಿದ. ಮಾವನಿಗೆ ಅದು ಖುಷಿಯಾಯಿತು ಅಂತ ಕಾಣುತ್ತದೆ, ಈಗ ದಿನಾ ಮಾಸ್ಕ್ ಹಾಕಿ ಒಮ್ಮೆ ಅಬ್ಬರ ಕೊಟ್ಟೇ ಮಲಗುವುದು.

ಈಗ ಗೊರಕೆ ಇಲ್ಲ. ಮೊದಲ ವಾರ ಅತ್ತೆಗೆ ನಿದ್ದೆಯೇ ಬರಲಿಲ್ಲವಂತೆ. ಸದ್ದಿಲ್ಲ ಅಂತ ಎದ್ದು ಮಾವನ ಎದೆಯ ಮೇಲೆ ಕೈ ಇಟ್ಟು ನೋಡುತ್ತಿದ್ದರಂತೆ.

ನಿವೃತ್ತ ಮಾಸ್ಟ್ರು, ನೀರ್ಚಾಲು

ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದ್ದೇ ತಪ್ಪಾಯಿತು. ಅವಳೂ ಎಣಿಸುತ್ತಾಳಂತೆ. ಹದಿನಾರರವರೆಗೆ ಹೋಗುತ್ತದಂತೆ. ನಲವತ್ತೆಂಟು ವರ್ಷದಲ್ಲಿ ಇವತ್ತು ಬಾಯಿ ಬಿಟ್ಟಳು.

ಡಾಕ್ಟ್ರೇ, ಸಪುರ ಇದ್ದವರಿಗೂ ಬರುತ್ತದಾ ಇದು?

ಗಡಿ ಡಾಕ್ಟರ್, ಮಂಜೇಶ್ವರ

ಬರುತ್ತದೆ ಮಾಸ್ಟ್ರೇ. ದವಡೆ ಸಣ್ಣ ಇದ್ದರೂ ಬರುತ್ತದೆ, ವಯಸ್ಸಾದಾಗ ಗಂಟಲು ಸಡಿಲವಾಗಿಯೂ ಬರುತ್ತದೆ. ಒಂದು ರಾತ್ರಿಯ ಪರೀಕ್ಷೆ.

ನಿವೃತ್ತ ಮಾಸ್ಟ್ರು, ನೀರ್ಚಾಲು

ಪತ್ತನಾಜೆ ಕಳೆಯಲಿ, ಮಾಡಿಸುತ್ತೇನೆ.

ಕುಂಬಳೆಯ ನರ್ಸ್

ಅದಕ್ಕೆ ಇನ್ನೂ ನಾಲ್ಕು ತಿಂಗಳು ಉಂಟು ಮಾಸ್ಟ್ರೇ. ಅಮ್ಮನ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ.